ಮೇ ಮಳೆಗೆ ಜೂನ್ ಸಿದ್ಧತೆ ಯಾಕೆ?

ಮಾನ್ಯ ಸಂಪಾದಕರೇ,

ಮಳೆಗಾಲದ ಮುಂಜಾಗ್ರತೆಗೆ ಸಭೆ ನಡೆಯಿತು, ಗಟಾರಗಳ ಹೂಳು ತೆಗೆಯಲು ಸೂಚನೆ ಕೊಡಲಾಯಿತು ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅಷ್ಟೊತ್ತಿಗೆ ನಮ್ಮ ಓಣಿಯ ಗಟಾರ ಉಕ್ಕಿ, ಅದರ ನೀರು ಎರಡು ಮೂರು ಮನೆಗಳ ಪಡಸಾಲೆ ನೋಡಿಕೊಂಡು ವಾಪಸ್ ಹೋಗಿಯೂ ಆಗಿತ್ತು. ಜೂನ್ ಬಂತು, ಸಭೆ ಮಾಡಿದರು. ಮಳೆ ಮಾತ್ರ ಜೂನ್‌ಗೆ ಕಾಯಲಿಲ್ಲ.

ಈ 2025ರ ಬೇಸಿಗೆ ವಿಜಯಪುರದಲ್ಲಿ ಬೇಸಿಗೆ ಅನ್ನಿಸಲೇ ಇಲ್ಲ. ಮುಂಗಾರು ಕೇರಳಕ್ಕೆ ಮೇ 24ಕ್ಕೇ ಕಾಲಿಟ್ಟಿತು, ವಾಡಿಕೆಯ ಜೂನ್ 1ಕ್ಕಿಂತ ಒಂದು ವಾರಕ್ಕೂ ಮೊದಲು. 2009ರ ಆಮೇಲೆ ಇಷ್ಟು ಬೇಗ ಬಂದಿರಲಿಲ್ಲ. ಎರಡು ದಿನ ಬಿಟ್ಟು ಮುಂಬೈಯನ್ನೂ ಮುಟ್ಟಿತು. ಅದೇ ವಾರ ಅರಬ್ಬಿ ಸಮುದ್ರದಲ್ಲಿ ಕೊಂಕಣ ಕರಾವಳಿಯ ಹತ್ತಿರ ವಾಯುಭಾರ ಕುಸಿದು, ನಮ್ಮ ಉತ್ತರ ಒಳನಾಡಿನ ಮೇಲೂ ಮೋಡ ತಂದು ಸುರಿಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 1901ರಿಂದ ಈಚೆಗೆ ದೇಶಕ್ಕೆ ಇಷ್ಟು ಮಳೆಯ ಮೇ ತಿಂಗಳು ಬಂದೇ ಇಲ್ಲವಂತೆ. ಇದನ್ನೇ ಮುಂದೆ ಮಾಡಿ, ದಾಖಲೆ ಮಳೆ ರೀ, ಯಾರೇನು ಮಾಡೋಕಾಗುತ್ತೆ ಅಂತ ಕೈತೊಳೆದುಕೊಳ್ಳುವವರು ಈಗ ಎಲ್ಲ ಕಡೆ ಸಿಗುತ್ತಾರೆ.

ನನ್ನ ತಕರಾರು ಇರುವುದು ಅಲ್ಲೇ. ಬೇಸಿಗೆಯಲ್ಲಿ ಮಳೆ ಬರುವುದು ನಮ್ಮ ಕಡೆ ಯಾರೂ ಕಂಡು ಕೇಳದ ಸಂಗತಿಯೇನಲ್ಲ. ಅಡ್ಡಮಳೆ ಅಂತ ಎಲ್ಲರ ಬಾಯಲ್ಲೂ ಇದೆ. ಏಪ್ರಿಲ್ ನಡುವಿನಿಂದಲೇ ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಹಿರಿಯರು ಮಳೆ ಎಣಿಸಲು ಶುರು ಮಾಡುತ್ತಾರೆ. ರೋಹಿಣಿ ಹುಟ್ಟುವುದು ಮೇ 25ರ ಹೊತ್ತಿಗೆ. ಮಳೆ ಈ ಸಲ ಜಾಸ್ತಿ ಸುರಿದಿದೆ, ನಿಜ. ಆದರೆ ಬರುವ ಕಾಲದಲ್ಲೇ ಬಂದಿದೆ. ರೈತರ ಪಂಚಾಂಗಕ್ಕೆ ಗೊತ್ತಿರುವುದು ಊರಿನ ಗಟಾರ ನೋಡಿಕೊಳ್ಳುವವರ ಕ್ಯಾಲೆಂಡರ್‌ಗೆ ಯಾಕೆ ಗೊತ್ತಿಲ್ಲ? ಹೂಳು ತೆಗೆಯುವುದು, ತಂತಿಗೆ ತಾಗುವ ಟೊಂಗೆ ಕಡಿಯುವುದು, ವಾಲಿದ ಕಂಬ ನೆಟ್ಟಗೆ ಮಾಡುವುದು, ಇಷ್ಟನ್ನೂ ಯುಗಾದಿಯೊಳಗೆ ಮುಗಿಸಿ ಅನ್ನುವುದಕ್ಕೇ ಈ ಪತ್ರ. ಹೊಸ ಯೋಜನೆ, ಹೊಸ ದುಡ್ಡು ಯಾವುದನ್ನೂ ಕೇಳುತ್ತಿಲ್ಲ. ಹೇಗೂ ಮಾಡುವ ಕೆಲಸವನ್ನು ಎರಡು ತಿಂಗಳು ಮೊದಲೇ ಮಾಡಿ, ಅಷ್ಟೇ.

ಸಮಯ ಬದಲಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು ನೆತ್ತಿ ಸುಡುವಷ್ಟರಲ್ಲಿ ಜನ ಮನೆ ಸೇರಲಿ ಅಂತ. ನಾನೂ ಆ ಸಮಯಕ್ಕೆ ಹೋಗಿ ಬರುವವಳೇ, ಒಳ್ಳೆಯ ವ್ಯವಸ್ಥೆ, ಬೇಡ ಅನ್ನುವುದಿಲ್ಲ. ಬಿಸಿಲಿಗೋಸ್ಕರ ಕಚೇರಿಯ ಗಡಿಯಾರವನ್ನೇ ತಿರುಗಿಸುವ ನಾವು, ಮಳೆಗೋಸ್ಕರ ಒಂದು ಸಲಿಕೆಯನ್ನು ಎರಡು ತಿಂಗಳು ಮೊದಲು ಎತ್ತುವುದು ಆಗದ ಕೆಲಸವೇ?

ಊರೆಲ್ಲ ಬಿಸಿಲಿಗೆ ಅಂತ ತಯಾರಾಗಿ ಕೂತಿತ್ತು ನೋಡಿ. ರಸ್ತೆ ಬದಿಗೆ ಗಡಿಗೆ ಮಾರುವವರು ರಾಶಿ ಹಾಕಿಕೊಂಡು ಕೂತರು, ಕೊಳ್ಳುವವರಿಲ್ಲ. ಅರವಟಿಗೆಯಲ್ಲಿ ತುಂಬಿಟ್ಟ ನೀರು ಹಾಗೇ ಇತ್ತು. ಕಬ್ಬಿನ ಹಾಲಿನ ಗಾಡಿಯವರು ಗೆಜ್ಜೆ ಕಟ್ಟಿದ ಗಾಣವನ್ನು ತಾಡಪತ್ರಿಯಲ್ಲಿ ಸುತ್ತಿಟ್ಟು, ಪಕ್ಕದಲ್ಲೇ ಬಿಸಿ ಮಿರ್ಚಿ ಕರಿಯಲು ಶುರು ಮಾಡಿದರು. ಅವರ ಜಾಣತನ ನನಗೆ ಹಿಡಿಸಿತು. ಮದುವೆ ಮನೆಯವರಿಗೆ ಆ ಅವಕಾಶವೂ ಇರಲಿಲ್ಲ. ಬಯಲಲ್ಲಿ ಶಾಮಿಯಾನ ಹಾಕಿಸಿದ ಒಂದು ಮದುವೆಗೆ ಹೋಗಿದ್ದೆ. ಅಕ್ಷತೆ ಬೀಳುವುದಕ್ಕೂ ಗಾಳಿ ಏಳುವುದಕ್ಕೂ ಸರಿಹೋಯಿತು. ಶಾಮಿಯಾನದ ಬಟ್ಟೆ ನೀರು ತುಂಬಿಕೊಂಡು ನಡುವೆ ಜೋತುಬಿತ್ತು, ಹುಡುಗರು ಬಿದಿರಿನ ಗಳ ಹಿಡಿದು ಕೆಳಗಿನಿಂದ ಎತ್ತಿ ಎತ್ತಿ ನೀರು ಚೆಲ್ಲಿದರು, ಚೆಲ್ಲಿದ್ದೆಲ್ಲ ಪಕ್ಕದ ಪಂಕ್ತಿಯ ಹುಗ್ಗಿಯ ಎಲೆಗೆ. ಯಾರೂ ಎದ್ದು ಹೋಗಲಿಲ್ಲ ಅನ್ನಿ. ನಮ್ಮ ಜನಕ್ಕೆ ಮಳೆ ಅಂದರೆ ಎಷ್ಟಾದರೂ ಸಂತೋಷವೇ.

ಇನ್ನು ಕೂಲರ್ ಕಥೆ. ಹಿಂದೆ ಹುಲ್ಲಿನ ಪ್ಯಾಡು, ಒಳಗೆ ಸಣ್ಣ ಪಂಪು ಇರುವ ತಗಡಿನ ಕೂಲರ್ ನಮ್ಮ ಊರಿನಲ್ಲಿ ಎಷ್ಟೋ ಮನೆಗಳ ಕಿಟಕಿಯಲ್ಲಿ ಕೂತಿರುತ್ತದೆ. ಒಣ ಬಿಸಿಲಿದ್ದಾಗ ಅದರಷ್ಟು ಆರಾಮ ಇನ್ನೊಂದಿಲ್ಲ. ಒಣ ಗಾಳಿ ಒದ್ದೆ ಹುಲ್ಲು ದಾಟಿ ಬರುವಾಗ ನೀರು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಮಳೆ ಬಂದು ಗಾಳಿಯಲ್ಲೇ ತೇವ ತುಂಬಿದ್ದರೆ ನೀರು ಆವಿಯಾಗುವುದು ತೀರಾ ಕಡಿಮೆ. ಆಗ ಕೂಲರ್ ಹಚ್ಚಿದರೆ ಮೈಯೆಲ್ಲ ಜಿಗಿಜಿಗಿ, ಹಾಸಿಗೆ ಹಸಿಹಸಿ, ಉಪ್ಪಿನ ಡಬ್ಬಿಯಲ್ಲಿ ನೀರು. ಪಂಪು ಬಂದ್ ಮಾಡಿ ಬರೀ ಫ್ಯಾನ್ ಹಚ್ಚಿ ಎದುರಿನ ಕಿಟಕಿ ತೆರೆದಿಟ್ಟರೆ ಎಷ್ಟೋ ವಾಸಿ. ನಮ್ಮ ಪಕ್ಕದ ಮನೆಯ ಕಾಕಾ ಇದನ್ನು ಒಪ್ಪಲಿಲ್ಲ. ಪಂಪೇ ಕೆಟ್ಟಿದೆ ಅಂತ ರಿಪೇರಿ ಹುಡುಗನನ್ನು ಕರೆಸಿದರು. ಅವನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, "ಕಾಕಾರ, ಪಂಪ್ ಚಲೋ ಐತ್ರಿ, ಹವಾನ ಕೆಟ್ಟೈತಿ" ಅಂದು ಹೋದ.

ಬಂದ್ ಮಾಡಿದ ಕೂಲರ್‌ನಲ್ಲಿ ನೀರು ಬಿಟ್ಟವರ ಪಾಡು ಇನ್ನೊಂದು. ಡೆಂಗಿ ಹರಡುವ ಸೊಳ್ಳೆಗೆ ಗಟಾರದ ಗಲೀಜು ಬೇಕಿಲ್ಲ, ಇಂಥ ತಿಳಿನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ನಮ್ಮದೋ, ನೀರು ಕೂಡಿಡುವ ಊರು. ನಲ್ಲಿ ದಿನಾ ಬರುವುದಿಲ್ಲ, ಹಾಗಾಗಿ ಬ್ಯಾರಲ್, ಸಿಂಟೆಕ್ಸ್, ಹಂಡೆ, ಕೊಡ ಎಲ್ಲ ತುಂಬಿರುತ್ತವೆ. ಮಳೆ ಜೋರಾಗಿ ಗಾಳಿ ಬೀಸಿದ ದಿನ ಕರೆಂಟು ಹೋಗಿ ನೀರು ಎತ್ತುವುದೂ ನಿಂತು ನಲ್ಲಿ ಇನ್ನೂ ತಡವಾಗುತ್ತದೆ, ಆಗ ಇದ್ದ ಬ್ಯಾರಲ್ ಖಾಲಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಹೊರಗೆ ಧೋ ಅಂತ ಮಳೆ, ಒಳಗೆ ಹಳೆಯ ನೀರನ್ನು ಜೋಪಾನ ಮಾಡುವ ಕೆಲಸ. ಒಂದು ಮಾತು ಮಾತ್ರ ಎಲ್ಲರಿಗೂ ಗೊತ್ತಿರಲಿ. ಬ್ಯಾರಲ್‌ನ ನೀರು ಚೆಲ್ಲಿ ಬೋರಲು ಹಾಕಿದರೆ ಸಾಲದು. ಆ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಳಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ತೆಂಗಿನ ನಾರಿನಿಂದ ಒಳಗೋಡೆಯನ್ನು ಗಸಗಸ ತಿಕ್ಕಬೇಕು, ವಾರಕ್ಕೊಮ್ಮೆ. ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಇದನ್ನೇ ಹೇಳುತ್ತಾರೆ. ನಾವು ಹೂಂ ಅನ್ನುತ್ತೇವೆ, ಅವರು ಬಾಗಿಲು ದಾಟಿದ ಕೂಡಲೇ ಮರೆಯುತ್ತೇವೆ.

ಆದರೆ ಈ ಸಲ ಊರಿನ ಹೆಂಗಸರನ್ನು ನಿಜವಾಗಿ ಅಳಿಸಿದ್ದು ಸೊಳ್ಳೆಯಲ್ಲ, ಖಾರ. ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ವರ್ಷದ ಮಸಾಲೆ ಖಾರ ಮಾಡುವ ಕಾಲ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಜೊತೆಗೆ ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ, ದಗಡ ಹೂವು, ಚಕ್ಕೆ, ಲವಂಗ. ಎಲ್ಲಕ್ಕಿಂತ ಮೊದಲು ಮೆಣಸಿನಕಾಯಿ ಮಾಳಿಗೆ ಮೇಲೆ ಕಾದು ಗರಿಗರಿ ಆಗಬೇಕು. ನಮ್ಮ ಎದುರುಮನೆಯ ಅಕ್ಕಾರು ಬೆಳಿಗ್ಗೆ ಹಳೇ ಸೀರೆ ಹಾಸಿ ಕಾಯಿ ಹರವುತ್ತಿದ್ದರು. ಮಧ್ಯಾಹ್ನದವರೆಗೆ ಬಿಸಿಲು ಚೆನ್ನಾಗಿಯೇ ಇರುತ್ತಿತ್ತು. ನಾಲ್ಕರ ಹೊತ್ತಿಗೆ ಪಡುವಣಕ್ಕೆ ಮೋಡ ಕಟ್ಟಿ, ಧೂಳು ಎದ್ದು, ಒಂದು ಹನಿ ಬೀಳುವಷ್ಟರಲ್ಲಿ ಓಣಿಯ ಎಲ್ಲ ಮಾಳಿಗೆ ಮೇಲೂ ಓಡಾಟ. ಸೀರೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ, ತಲೆ ಮೇಲೆ ಹೊತ್ತು, ಒದ್ದೆ ಮೆಟ್ಟಿಲಿನಲ್ಲಿ ಕೆಳಗೆ. ಮಾರನೆಯ ದಿನ ಮತ್ತೆ ಹರವುವುದು, ಮತ್ತೆ ಎತ್ತುವುದು. ಗಂಟಿನಲ್ಲಿ ಬೆವತು ಬೆವತು ಕಾಯಿ ಮೆತ್ತಗಾಗಿ ಬಿಟ್ಟಿತ್ತು. ಕೊನೆಗೆ ಪಡಸಾಲೆಯಲ್ಲಿ ಹರವಿ ಫ್ಯಾನ್ ಹಚ್ಚಿದರು. ಮನೆಯವರೆಲ್ಲ ಸೀನಿ ಸೀನಿ ಸಾಕಾಗಿ ಹೊರಗೆ ಕಟ್ಟೆ ಮೇಲೆ ಬಂದು ಕೂತರು.

ಖಾರ ಕುಟ್ಟುವ ಗಿರಣಿಗೆ ಒಯ್ದರೆ ಅಲ್ಲಿ ಇನ್ನೊಂದು ಪರೀಕ್ಷೆ. ಗಿರಣಿಯವರು ಒಂದು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ ಕಾಯಾದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಸಪ್ಪಳವಿಲ್ಲ. ತೊಟ್ಟು ಮುರಿದು ನೋಡಿದರು, ಪಟ್ ಅನ್ನದೆ ಬಾಗಿತು. "ಅಕ್ಕಾರ, ಇನ್ನೂ ಹಸಿ ಐತ್ರಿ ಇದು, ಕುಟ್ಟಿದ್ರ ಮುದ್ದಿ ಆಗತೈತಿ" ಅಂತ ವಾಪಸ್ ಕಳಿಸಿದರು. ಅವರು ಮಾಡಿದ್ದು ಸರಿಯೇ. ಹಸಿ ಕಾಯಿ ಕುಟ್ಟಿ ಡಬ್ಬಿಗೆ ತುಂಬಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಕೆಲವು ಜಾತಿಯವು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ, ಲಿವರ್‌ಗೆ ಕೆಟ್ಟದ್ದು, ಒಗ್ಗರಣೆಯಲ್ಲಿ ಹುರಿದರೂ ಹೋಗುವುದಿಲ್ಲ. ಹಾಗಾಗಿ ಒಳಗೆ ಕಪ್ಪಗಾದ ಕಾಯಿಯನ್ನು ಎಷ್ಟೇ ಸಂಕಟವಾದರೂ ತೆಗೆದು ಎಸೆಯಬೇಕು. ಹಪ್ಪಳ, ಸಂಡಿಗೆ, ಶಾವಿಗೆಯದೂ ಇದೇ ಹಾಡು. ವರ್ಷಕ್ಕೆ ಅಂತ ಕೊಂಡು ಬಿಸಿಲಿಗೆ ಹಾಕಿ ಕಟ್ಟಿಡುವ ಬಿಳಿಜೋಳಕ್ಕೆ ನುಸಿ ಹತ್ತುವುದು ಇನ್ನು ಮುಂದೆ ಗೊತ್ತಾಗಲಿದೆ. ಊರ ಹೊರಗೆ ತಿಕೋಟಾ ಕಡೆಯ ದ್ರಾಕ್ಷಿಯವರ ಕಷ್ಟದ ಮುಂದೆ ನಮ್ಮ ಖಾರದ ಗಂಟು ಏನೂ ಅಲ್ಲ, ಗೊತ್ತು. ಶೆಡ್ಡಿನಲ್ಲಿ ಒಣಗಲು ಹಾಕಿದ ಹಣ್ಣಿಗೆ ಮಳೆಯ ತೇವ ತಾಗಿದರೆ ಮಣೂಕ ಕಪ್ಪಾಗಿ ದರ ಬಿದ್ದು ಹೋಗುತ್ತದೆ. ಅವರ ಬಗ್ಗೆ ನಿಮ್ಮಲ್ಲಿ ಆಗಾಗ ಬರುತ್ತದೆ. ಮಾಳಿಗೆ ಮೇಲಿನ ಹೆಂಗಸರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆದೆ.

ಇನ್ನೊಂದು ಕಾರಣವೂ ಇದೆ. ಮಳೆಗಾಲದ ಜಿಟಿಜಿಟಿಗಿಂತ ಈ ಬೇಸಿಗೆ ಮಳೆಯಲ್ಲೇ ಗುಡುಗು ಸಿಡಿಲು ಜಾಸ್ತಿ. ದಿನವಿಡೀ ಕಾದ ನೆಲದಿಂದ ಬಿಸಿಗಾಳಿ ಮೇಲೆದ್ದು ಸಂಜೆ ಹೊತ್ತಿಗೆ ಎತ್ತರದ ಮೋಡ ಕಟ್ಟುತ್ತದೆ. ಸರಿಯಾಗಿ ಆಗಲೇ ನಾವು ಮೆಣಸಿನಕಾಯಿ, ಬಟ್ಟೆ ಎತ್ತಲು ಮಾಳಿಗೆ ಹತ್ತುತ್ತೇವೆ, ಓಣಿಯಲ್ಲೇ ಎತ್ತರದ ಜಾಗಕ್ಕೆ, ತಂತಿಯ ಪಕ್ಕಕ್ಕೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲೇ ಇದೆ ಅಂತ ಅರ್ಥ. ಕಾಯಿ ನೆನೆದರೆ ನೆನೆಯಲಿ, ಕೆಳಗಿಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮೇಲೆ ಹೋಗಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರ 'ದಾಮಿನಿ' ಆ್ಯಪ್ ಇದೆ, ನಮ್ಮ ರಾಜ್ಯದವರದೇ 'ಸಿಡಿಲು' ಅಂತ ಇನ್ನೊಂದಿದೆ, ಎರಡೂ ಪುಕ್ಕಟೆ. ಮನೆಯ ಹುಡುಗರ ಮೊಬೈಲ್‌ನಲ್ಲಿ ರೀಲ್ಸ್ ಜೊತೆಗೆ ಇದೂ ಒಂದು ಇರಲಿ. ಕಡಿದು ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಹಳೆಯ ಓಣಿಗಳಲ್ಲಿ ಇನ್ನೂ ಮೇಲ್ಮುದ್ದೆ ಮನೆಗಳಿವೆ. ಕಟ್ಟಿಗೆಯ ತೊಲೆ, ಜಂತಿ, ಅದರ ಮೇಲೆ ಮಣ್ಣು. ಒಳಗೆ ಎಂಥ ಬಿಸಿಲಿನಲ್ಲೂ ತಂಪು, ಕೂಲರ್ ಬೇಡ. ಆದರೆ ಪ್ರತಿ ವರ್ಷ ಮಳೆಗಾಲದ ಮುಂಚೆ ಮಾಳಿಗೆಗೆ ಹೊಸದಾಗಿ ಸವಳು ಮಣ್ಣು ಹಾಕಬೇಕು. ಅದು ನೀರಿಗೆ ನೆನೆದು ಬಿರುಕುಗಳನ್ನೆಲ್ಲ ಮುಚ್ಚಿ ಒಳಗೆ ಹನಿ ಇಳಿಯದ ಹಾಗೆ ಮಾಡುತ್ತದೆ. ಈ ಕೆಲಸ ನಡೆಯುವುದೇ ಮೇ ಕೊನೆಗೆ. ಈ ಸಲ ಮಣ್ಣು ಹೇರಲು ಟ್ರ್ಯಾಕ್ಟರ್ ಹೇಳುವಷ್ಟರಲ್ಲಿ ಮಳೆ ಹಿಡಿಯಿತು. ಬಿಸಿಲಿಗೆ ಬಿರಿದ ಹಳೇ ಮಣ್ಣಿನ ಸಂದಿಯಿಂದ ನೀರು ನೇರ ಒಳಗೆ. ಬೆಳಕಿಂಡಿಗೆ ಬುಟ್ಟಿ ಮುಚ್ಚಿದರು, ಜಂತಿ ಸೋರುವಲ್ಲೆಲ್ಲ ಪಾತ್ರೆ ಇಟ್ಟರು, ಮೇಲೆ ತಾಡಪತ್ರಿ ಹಾಸಿ ಕಲ್ಲು ಹೇರಿದರು. ತಾಡಪತ್ರಿ ಅಂಗಡಿಯವರು ಆ ವಾರ ಹೇಳಿದ್ದೇ ದರ. ಇಂಥ ಮನೆಯ ಗೋಡೆ ನೆನೆದರೆ ಮಳೆ ನಿಂತ ಮೇಲೂ ಕುಸಿಯಬಹುದು. ಇವುಗಳಲ್ಲಿ ಇರುವವರು ಹೆಚ್ಚಾಗಿ ವಯಸ್ಸಾದವರು, ಬಾಡಿಗೆಯವರು. ಗೋಡೆ ಬಿದ್ದ ಮೇಲೆ ಪರಿಹಾರದ ಅರ್ಜಿ ಹಿಡಿದು ಓಡಾಡಿಸುವ ಬದಲು, ಯಾವ ಓಣಿಯಲ್ಲಿ ಇಂಥ ಮನೆ ಎಷ್ಟಿವೆ ಅಂತ ಚಳಿಗಾಲದಲ್ಲೇ ನೋಡಿಟ್ಟುಕೊಳ್ಳಬಹುದು ಅಲ್ವಾ?

ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಆರ್‌ಸಿಸಿ ಮನೆ, ಸೋರುವ ಚಿಂತೆ ಇಲ್ಲ, ಆದರೆ ಮನೆ ಮುಟ್ಟುವುದೇ ಕಷ್ಟ. ಕೆಳಗೆ ಎರೆ ಮಣ್ಣು. ನಮ್ಮ ಡೋಣಿ ಹೊಳೆಯ ಹೆಸರಲ್ಲಿ 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಅಂತ ಗಾದೆ ಮಾಡಿಸಿಕೊಂಡ ಮಣ್ಣು ಅದು, ಬೆಳೆಗೆ ಬಂಗಾರ. ರಸ್ತೆಗೆ, ಮನೆಗೆ ಮಾತ್ರ ವೈರಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಆ ಎಳೆದಾಟದಲ್ಲಿ ಕಾಂಪೌಂಡ್ ಗೋಡೆ ಸೀಳುತ್ತದೆ. ಸ್ಕೂಟರ್ ಹೊಡೆದುಕೊಂಡು ಹೋದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಇಳಿದು ಕಡ್ಡಿಯಿಂದ ಕೆರೆಯಬೇಕು, ಹತ್ತು ಹೆಜ್ಜೆಗೆ ಮತ್ತೆ ಅದೇ. ನನ್ನ ಜೊತೆ ಕೆಲಸ ಮಾಡುವವರು ಈಗ ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಯಾರದೋ ಮನೆ ಮುಂದೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ನಡೆಯುತ್ತಾರೆ. ಟಂಟಂ ಆಟೊದವರು ಒಳಗೆ ಬರುವುದಿಲ್ಲ, ಗ್ಯಾಸ್ ಸಿಲಿಂಡರ್ ಗಾಡಿಯೂ ಬರುವುದಿಲ್ಲ. ಸೈಟು ಮಾರುವಾಗ ತೋರಿಸಿದ ನಕಾಶೆಯಲ್ಲಿ ರಸ್ತೆ, ಗಟಾರ ಎರಡೂ ಇದ್ದವಂತೆ. ಡಾಂಬರು ಯಾವಾಗಲಾದರೂ ಆಗಲಿ, ಮಾರ್ಚ್‌ನಲ್ಲಿ ಗರಸು ಹಾಕಿ ರೋಲರ್ ಹೊಡೆಸಿದರೂ ಇವರು ಈ ಮೇ ತಿಂಗಳನ್ನು ಮರ್ಯಾದೆಯಿಂದ ದಾಟುತ್ತಿದ್ದರು.

ಗಟಾರದ ವಿಷಯಕ್ಕೆ ಬರುತ್ತೇನೆ. ಹೂಳು ತೆಗೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ತೆಗೆಯುತ್ತಾರೆ. ಹೇಗೆ ಅಂದರೆ, ಒಳಗಿನ ರಾಡಿಯನ್ನು ಎತ್ತಿ ಅಲ್ಲೇ ದಂಡೆಗೆ ಗುಡ್ಡೆ ಹಾಕಿ ಹೋಗುತ್ತಾರೆ. ಒಣಗಿದ ಮೇಲೆ ಒಯ್ಯುತ್ತೇವೆ ಅನ್ನುತ್ತಾರೆ. ಒಣಗುವ ಮೊದಲು ಮಳೆ ಬರುತ್ತದೆ, ಗುಡ್ಡೆ ಕರಗಿ ಎಲ್ಲಿಂದ ಬಂತೋ ಅಲ್ಲಿಗೇ ಹೋಗುತ್ತದೆ. ಒಂದೇ ಹೂಳಿಗೆ ಎರಡೆರಡು ಸಲ ಕೂಲಿ. ಫೆಬ್ರುವರಿಯಲ್ಲಿ ತೆಗೆದರೆ ಬಿಸಿಲಿಗೆ ನಾಲ್ಕೇ ದಿನದಲ್ಲಿ ಒಣಗುತ್ತದೆ, ಹಗುರಾಗುತ್ತದೆ, ಎತ್ತಿ ಹಾಕುವವರಿಗೂ ಸಲೀಸು. ಆ ಪೌರಕಾರ್ಮಿಕರನ್ನು ಜೂನ್ ಮಳೆಯಲ್ಲಿ ತುಂಬಿದ ಗಟಾರದ ಪಕ್ಕ ನಿಲ್ಲಿಸುವುದಾದರೂ ಯಾವ ನ್ಯಾಯ?

ನಮ್ಮ ಓಣಿಯವರ ಬಗ್ಗೆಯೂ ಹೇಳಿಬಿಡುತ್ತೇನೆ, ಓದಿ ಬೈದರೆ ಬೈಯಲಿ. ಮನೆಮನೆಗೂ ಸ್ಕೂಟರ್ ಹತ್ತಿಸಲು ಗಟಾರದ ಮೇಲೆ ಶಹಾಬಾದ್ ಕಲ್ಲು ಹಾಸಿ ಸಿಮೆಂಟ್ ಬಳಿದಿದ್ದಾರೆ. ಕೆಲವರು ಅದರ ಮೇಲೆ ತುಳಸಿ ಕಟ್ಟೆಯನ್ನೂ ಕಟ್ಟಿದ್ದಾರೆ. ಇನ್ನು ಸಲಿಕೆ ಇಳಿಸುವುದು ಎಲ್ಲಿಂದ? ಒಳಗೆ ಏನು ಸಿಕ್ಕಿಕೊಂಡಿದೆ ಅಂತ ದೇವರಿಗೇ ಗೊತ್ತು. ಒಂದು ಕಡೆ ಕಲ್ಲು ಎಬ್ಬಿಸಿದಾಗ ಗುಟ್ಕಾ ಚೀಟಿ, ಹಾಲಿನ ಪಾಕೀಟು, ಒಂದು ದಿಂಬು ಬಂತು. ದಿಂಬು! ಕಲ್ಲನ್ನು ಸಿಮೆಂಟ್ ಹಾಕದೆ ಬಿಡಿಬಿಡಿಯಾಗಿ ಇಡಿ, ಬೇಕಾದಾಗ ಎತ್ತಲು ಬರಲಿ ಅಂತ ಅಷ್ಟೇ ನನ್ನ ಮಾತು.

ಈ ಊರಿಗೆ ನೀರಿನ ಬಗ್ಗೆ ಬುದ್ಧಿ ಇರಲಿಲ್ಲ ಅಂತಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಒಣ ಊರಿನಲ್ಲಿ ಆದಿಲ್‌ಶಾಹಿ ದೊರೆಗಳು ಒಂದು ರಾಜಧಾನಿಯನ್ನೇ ಸಾಕಿದ್ದರು. ಪಕ್ಕದ ತೊರವಿಯಿಂದ ನೆಲದಡಿ ಸುರಂಗದಲ್ಲಿ ನೀರು ತಂದರು. 1620ರಲ್ಲಿ ತಾಜ್ ಬಾವಡಿ ಅನ್ನುವ ದೊಡ್ಡ ಬಾವಿ ಆಯಿತು, 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಬೇಗಂ ತಲಾಬ್. ಆ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು, ನಡುನಡುವೆ ಅದರ ಒತ್ತಡ ಇಳಿಸಲು ಗಂಜ್ ಅನ್ನುವ ಕಲ್ಲಿನ ಗೋಪುರಗಳು. ಅವು ಇಂದಿಗೂ ಅಲ್ಲಲ್ಲಿ ನಿಂತಿವೆ, ಎಷ್ಟೋ ಜನಕ್ಕೆ ಅದು ಏನು ಅಂತಲೇ ಗೊತ್ತಿಲ್ಲ. ಕೋಟೆಯ ಸುತ್ತಲಿನ ಕಂದಕ ಶತ್ರುಗಳನ್ನು ತಡೆಯಲು ತೋಡಿದ್ದು, ಸರಿ. ಆದರೆ ತಗ್ಗು ಇದ್ದಲ್ಲಿ ಮಳೆ ನೀರು ನಿಲ್ಲಲು ಜಾಗವಾಯಿತು. ನಾವು ಆ ತಗ್ಗಿಗೆ ಹಲವು ಕಡೆ ಕಸ, ಕಟ್ಟಡದ ಮಣ್ಣು ಸುರಿದಿದ್ದೇವೆ. ಹೋಗಲು ಜಾಗವಿಲ್ಲದ ನೀರು ಪಡಸಾಲೆಗೆ ಬಾರದೆ ಇನ್ನೆಲ್ಲಿಗೆ ಹೋಗಬೇಕು?

ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 30ಕ್ಕೆ 40ರ ಸೈಟಿನ ಪೂರ್ತಿ ಮಾಳಿಗೆ ಸುಮಾರು 111 ಚದರ ಮೀಟರ್. ಸಂಜೆ ಒಂದು ಜೋರು ಮಳೆ, 40 ಮಿಲಿಮೀಟರ್ ಅನ್ನಿ, ನಾಲ್ಕು ಸಾವಿರದ ನಾನೂರು ಲೀಟರ್ ಮಾಳಿಗೆ ಮೇಲೇ ಬಿದ್ದಿತು. ಸಿಡಿದು ಸೋರಿ ಹೋದದ್ದನ್ನು ಕಳೆದರೂ ಮೂರೂವರೆ ಸಾವಿರ. ಹತ್ತಿರಹತ್ತಿರ ಒಂದು ಟ್ಯಾಂಕರ್. ಕೊಲ್ಹಾರದಿಂದ ಕೃಷ್ಣೆಯನ್ನು ಪೈಪಿನಲ್ಲಿ ತರಿಸಿಕೊಂಡು, ಅದು ಸಾಲದೆ ಟ್ಯಾಂಕರ್‌ಗೆ ದುಡ್ಡು ಎಣಿಸುವವರು ನಾವು, ಮಾಳಿಗೆಯ ಪೈಪನ್ನು ತಂದು ಗಟಾರಕ್ಕೆ ಬಿಟ್ಟಿದ್ದೇವೆ. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಮುಂದಿನದ್ದನ್ನು ಜಲ್ಲಿ ಮರಳಿನ ಒಂದು ಡ್ರಮ್ ದಾಟಿಸಿ ಸಂಪಿಗೆ ಇಳಿಸಿದರೆ ತೊಳೆಯಲು ಬಳಿಯಲು ಧಾರಾಳ. ಸಂಪ್ ಇಲ್ಲದವರು ಬೋರ್‌ವೆಲ್ ಪಕ್ಕ ಇಂಗುಗುಂಡಿ ಮಾಡಿಸಬಹುದು. ಗಟಾರದ ಮೇಲಿನ ಹೊರೆಯೂ ಅಷ್ಟು ಕಡಿಮೆ. ನಮ್ಮ ಮನೆಯಲ್ಲಿ ಮಾಡಿಸಿದ್ದೇವೆ. ಪ್ಲಂಬರ್ ಅರ್ಧ ದಿನದಲ್ಲಿ ಮುಗಿಸಿ ಹೋದರು. ಪೈಪ್ ಎಲ್ಲಿಂದ ಎಲ್ಲಿಗೆ ಅಂತ ಮನೆಯವರು ಜಗಳ ಮಾಡಿದ್ದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಕೊನೆಗೆ ನಿಮ್ಮಲ್ಲೂ ಒಂದು ಕೇಳಿಕೆ ಇದೆ ಸಂಪಾದಕರೇ. ಬೇಸಿಗೆಯಲ್ಲಿ ನಿಮ್ಮ ಜಿಲ್ಲಾ ಪುಟದ ಮೂಲೆಯಲ್ಲಿ ಗರಿಷ್ಠ, ಕನಿಷ್ಠ ತಾಪಮಾನ ಮಾತ್ರ ಇರುತ್ತದೆ. ಮಳೆ ಎಷ್ಟಾಯಿತು ಅನ್ನುವುದು ಜೂನ್ ಆದ ಮೇಲೆಯೇ ಬರುತ್ತದೆ. ಮಾರ್ಚ್ ಒಂದರಿಂದಲೇ ತಾಲ್ಲೂಕುವಾರು ಮಳೆ, ಮರುದಿನದ ಗುಡುಗು ಸಿಡಿಲಿನ ಮುನ್ಸೂಚನೆ ಎರಡನ್ನೂ ಹಾಕಿ. ಸಂಜೆ ಮಳೆ ಇದೆ ಅಂತ ಬೆಳಿಗ್ಗೆ ಚಹಾ ಜೊತೆ ಗೊತ್ತಾದರೆ ಎದುರುಮನೆ ಅಕ್ಕಾರು ಆ ದಿನ ಕಾಯಿ ಹರವುವುದಿಲ್ಲ, ಮದುವೆ ಮನೆಯವರು ಶಾಮಿಯಾನದ ಮೇಲೊಂದು ತಾಡಪತ್ರಿ ಹಾಕಿಸುತ್ತಾರೆ. ಮುಂದಿನ ಯುಗಾದಿಯ ಹಿಂದಿನ ವಾರ ನಿಮ್ಮ ವರದಿಗಾರರನ್ನು ಒಂದು ಸಲ ಓಣಿಗಳಿಗೆ ಕಳಿಸಿ, ಯಾವ ಗಟಾರ ತೆಗೆದಿದ್ದಾರೆ, ಯಾವುದು ಇಲ್ಲ ಅಂತ ಫೋಟೊ ಸಮೇತ ಹಾಕಿ. ನಮ್ಮ ಓಣಿಯದನ್ನು ಬೇಕಾದರೆ ನಾನೇ ತೆಗೆದು ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು, ವಿಜಯಪುರ